ಸೊಸೆಯ ಕೈಯಳತೆಯ ಕೋವಿ

ಅತ್ತೆಯ ಬಲಭುಜದಲ್ಲಿ, ಕೊರಳೆಲುಬಿಗೆ ಸ್ವಲ್ಪ ಕೆಳಗೆ, ನೇರಳೆಹಣ್ಣನ್ನು ಜಜ್ಜಿ ಒರೆಸಿದಂಥ ಒಂದು ಕಲೆ ಇತ್ತು. ಅಂಚಿನಲ್ಲಿ ಹಳದಿ, ನಡುವೆ ಕಪ್ಪುನೀಲಿ. ಒಂದು ಮಾಯುವ ಹೊತ್ತಿಗೆ ಅದರ ಮೇಲೆ ಇನ್ನೊಂದು ಬೀಳುತ್ತಿದ್ದುದರಿಂದ ಅದು ಪೂರ್ತಿ ಮಾಯ್ದದ್ದನ್ನು ನಾನು ಕಂಡಿಲ್ಲ. ಮಿಂದು ಬಂದು ತಲೆ ಒರೆಸಿಕೊಳ್ಳುವಾಗ ರವಿಕೆಯ ಕುತ್ತಿಗೆ ಜಾರಿದರೆ ಕಾಣುತ್ತಿತ್ತು. ಸಣ್ಣವಳಿದ್ದಾಗ ಅದನ್ನು ಬೆರಳಿನಿಂದ ಒತ್ತಿ "ನೋವಾ?" ಎಂದು ಕೇಳುತ್ತಿದ್ದೆ.

"ಒತ್ತಿದ್ರೆ ನೋವೇ. ನೀ ಒತ್ತೂದ್ ಎಂತಕ್ಕೆ?" ಎನ್ನುತ್ತಿದ್ದಳು.

ಕೋವಿ ಒದ್ದು ಆದ ಕಲೆ ಅದು. ಅತ್ತೆಯೆಂದರೆ ನನ್ನ ಅಪ್ಪನ ಅಕ್ಕ. ಸಿದ್ದಾಪುರ ತಾಲೂಕಿನ ತ್ಯಾಗಲಿಯಲ್ಲಿ ಅವಳ ಗದ್ದೆ, ಗದ್ದೆಯ ಮೇಲಿನ ದಿಬ್ಬದಲ್ಲಿ ಬಾಳೆ. ಬೆಳೆ ಕಾಯುವುದಕ್ಕೆಂದು ಲೈಸೆನ್ಸು ಮಾಡಿಸಿ ಕೋವಿ ಇಟ್ಟುಕೊಂಡವರು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಜನ. ಅವರಲ್ಲಿ ಹೆಂಗಸು ಎಂದರೆ ನನಗೆ ತಿಳಿದಂತೆ ಇವಳೊಬ್ಬಳೇ. ತೀರಿಹೋದ ಮಾವನ ಒಂಟಿ ನಳಿಗೆಯ ಕೋವಿ ಅದು. ಖಾಲಿ ಇದ್ದಾಗ ಅದರ ಬುಡವನ್ನು ನೆಲಕ್ಕೆ ಊರಿ ಪಕ್ಕದಲ್ಲಿ ನಿಂತರೆ ನಳಿಗೆಯ ಬಾಯಿ ಅವಳ ಗಲ್ಲದ ಮಟ್ಟಕ್ಕೆ ಬರುತ್ತಿತ್ತು. ಅತ್ತೆ ಅಷ್ಟು ಗಿಡ್ಡ. ನಾನು ಅಪ್ಪನ ಹಾಗೆ ಉದ್ದ. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿರಲಿ.

ಅವಳು ಒಂದೇ ಒಂದು ಪ್ರಾಣಿಯನ್ನು ಕೊಂದದ್ದನ್ನೂ ನಾನು ನೋಡಿಲ್ಲ. ಆಕಾಶಕ್ಕೆ ಹೊಡೆಯುತ್ತಿದ್ದಳು. ಹೊಡೆಯುವ ಮೊದಲು ಬೆನ್ನ ಹಿಂದೆ ಇಳಿದ ಸೆರಗನ್ನು ಬಲಗಡೆಯಿಂದ ಮುಂದಕ್ಕೆ ಎಳೆದು, ತುದಿಯನ್ನು ನಾಲ್ಕು ಮಡಿಕೆ ಮಾಡಿ ಭುಜದ ಮೇಲಿಟ್ಟು, ಅದರ ಮೇಲೆ ಕೋವಿಯ ಬುಡ ಊರುತ್ತಿದ್ದಳು. ಆ ಮಡಿಕೆ ಹಾಕುವ ಹೊತ್ತಿಗೆ ಅರ್ಧ ಮಂಗಗಳು ಓಡಿ ಆಗಿರುತ್ತಿತ್ತು.

ಮಂಗ ಹೆಂಗಸರಿಗೆ ಹೆದರುವುದಿಲ್ಲ ಎಂಬುದು ನಮ್ಮ ಕಡೆ ಎಲ್ಲರೂ ಹೇಳುವ ಮಾತು. ಗಂಡಸು ಅಂಗಳಕ್ಕಿಳಿದು ಕೆಮ್ಮಿದರೆ ಓಡುವ ಮಂಗ, ಹೆಂಗಸು ದೊಣ್ಣೆ ಬೀಸಿದರೆ ಹಲ್ಲು ಕಿರಿಯುತ್ತದಂತೆ. ಮಾವ ಹೋದ ಹೊಸತರಲ್ಲಿ ಅತ್ತೆ ಅವನ ಅಂಗಿ ತೊಟ್ಟು, ತಲೆಗೆ ಮುಂಡಾಸು ಸುತ್ತಿ ಬಾಳೆ ಕಾಯಲು ಹೋಗುತ್ತಿದ್ದಳಂತೆ. ಸ್ವಲ್ಪ ದಿನ ಮಂಗಗಳು ನಂಬಿದವು. ಆಮೇಲೆ ಒಂದು ಮುದಿ ಗಡವ, ಗುಂಪಿನ ದೊಡ್ಡ ಗಂಡುಮಂಗ, ಕೆಳಗಿಳಿದು ಬಂದು, ಅಂಗಿಯ ಕೆಳಗಿನ ಸೀರೆಯ ನೆರಿಗೆ ನೋಡಿ, ವಾಪಸು ಹೋಗಿ ಗೊನೆ ಮುರಿಯಿತಂತೆ. ಮರುದಿನವೇ ಅವಳು ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಡಿ ಎಂದು ಕಚೇರಿಗೆ ಹೋದದ್ದು.

ಶಿರಸಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಮೊದಲ ಕಪ್ಪು ಗೆದ್ದು ಬಂದ ವರ್ಷ ನಾನು ಈ ಕತೆಯನ್ನು ಹಾಗೆಯೇ ಬಿಡಲು ತಯಾರಿರಲಿಲ್ಲ.

"ಅತ್ತೆ, ಮಂಗಕ್ಕೆ ಹೆಂಗಸು ಗಂಡಸು ಗೊತ್ತಾಗ್ತದೆ ಹೇಳೂಕೆ ಪುರಾವೆ ಎಂತ?"

"ಪುರಾವೆ ಅಕಾ, ಅಲ್ಲಿ ಮರದ ಮೇಲೆ ಕೂತ್ಕಂಡದೆ. ಹೋಗಿ ಕೇಳು."

"ಅದು ಹೆದರೂದು ಶಬ್ದಕ್ಕೆ. ಹೊಡೆಯೋರು ಯಾರಾದ್ರೂ ಅದಕ್ಕೆ ಒಂದೇ. ನೀನು ಸೀರೆ ಉಟ್ಕಂಡು ಹೊಡೆದ್ರೂ ಓಡ್ತದೆ."

"ಅದನ್ನೇ ಅಲ್ದನೆ ನಾ ಇಷ್ಟು ವರ್ಷದಿಂದ ಮಾಡ್ತಾ ಇರೂದು? ನೀ ಇವತ್ತು ಕಂಡುಹಿಡ್ದೆ."

ಅವಳ ಜೊತೆ ವಾದಕ್ಕೆ ಕೂತರೆ ಹೀಗೇ. ನಾನು ಒಂದರ ಹಿಂದೆ ಒಂದು ಅಂಶ ಎಸೆಯುತ್ತಾ ಹೋಗುತ್ತಿದ್ದೆ. ಅವಳು ಅವಲಕ್ಕಿ ಕೇರುತ್ತಲೋ ಕತ್ತಿ ಮಸೆಯುತ್ತಲೋ ಸುಮ್ಮನೆ ಕೇಳುತ್ತಿದ್ದಳು. ನಾನು ಉಸಿರೆಳೆದುಕೊಳ್ಳಲು ನಿಂತ ಕೂಡಲೇ ತಲೆ ಎತ್ತಿ, "ತೋಟಾ ಮುಗೀತಾ? ಈಗ ನಾ ಹೇಳ್ತೆ," ಎನ್ನುತ್ತಿದ್ದಳು. ಎದುರಾಳಿಯ ಕೋವಿಯಲ್ಲಿ ತೋಟಾ ಮುಗಿಯುವ ತನಕ ಕಾಯುವುದು, ಆಮೇಲೆ ಒಂದೇ ಈಡು. ಧಾರವಾಡದಲ್ಲಿ ನಾನು ಗೆದ್ದ ಎರಡು ಸ್ಪರ್ಧೆಗಳಲ್ಲೂ ಬಳಸಿದ್ದು ಇದನ್ನೇ. ನಮ್ಮ ಕಾಲೇಜಿನವರು ಅದು ತಾವು ಕಲಿಸಿದ್ದೆಂದು ಈಗಲೂ ತಿಳಿದಿದ್ದಾರೆ.

ಆದರೆ ಕೋವಿಯನ್ನು ಮಾತ್ರ ಅವಳು ನನ್ನ ಕೈಗೆ ಕೊಡಲಿಲ್ಲ. ಎಷ್ಟು ಕಾಡಿದರೂ ಇಲ್ಲ. "ಲೈಸೆನ್ಸು ನನ್ನ ಹೆಸರಲ್ಲಿ ಉಂಟು, ನಿನ್ನ ಹೆಸರಲ್ಲಿ ಇಲ್ಲೆ," ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು. ಹಾಗಾಗಿ ನಾನು ಆ ಹೆಸರು ಬದಲಾಗುವ ದಿನಕ್ಕೆ ಕಾಯುತ್ತಿದ್ದೆ.

ಈಗ ಇನ್ನೊಬ್ಬಳ ವಿಷಯ.

ನಾನು ಹುಟ್ಟಿದ ದಿನದಿಂದ ಅತ್ತೆಯ ಸೊಸೆ. ತಮ್ಮನ ಮಗಳು ಸೊಸೆಯೇ ತಾನೆ. ಹುಲಗೋಳದ ನಮ್ಮ ಮನೆಗೆ ಬಂದವಳು ಬಾಗಿಲಲ್ಲೇ "ಸೊಸೇ" ಎಂದು ಕೂಗುತ್ತಿದ್ದಳು. ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. ಅವಳ ಒಬ್ಬನೇ ಮಗ, ನನ್ನ ಬಾವ, ಸಿದ್ದಾಪುರದಲ್ಲಿ ಫೋಟೋ ತೆಗೆಯುವ ಅಂಗಡಿ ಇಟ್ಟವನು. ಪಟಾಕಿ ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಸಾಧು ಮನುಷ್ಯ. ಹುಡುಗಿ ಎದುರಿಗೇ ಇರುವಾಗ ಸಂಬಂಧ ಹೊರಗೆ ಯಾಕೆ ಹುಡುಕಬೇಕು ಎಂಬ ಮಾತು ನಮ್ಮಲ್ಲಿ ಬಾರದೆ ಇರುತ್ತದೆಯೆ? ಬಂತು. "ಬೇಡ" ಎಂದವಳು ನಾನೇ. ಅದಕ್ಕೆ ಈಗಲೂ ಪಶ್ಚಾತ್ತಾಪವಿಲ್ಲ. ನನಗೆ ಬೇಕಾಗಿದ್ದು ಅವನಲ್ಲ, ಅವನ ಅಮ್ಮ. ಅವಳು ಹೇಗೂ ನನಗೆ ಹುಟ್ಟಿನಿಂದಲೇ ಅತ್ತೆ, ಮದುವೆಯಾಗಿ ಹೊಸದಾಗಿ ಪಡೆಯುವುದೇನಿದೆ ಎಂಬುದು ನನ್ನ ತರ್ಕ. ತರ್ಕದಲ್ಲಿ ಒಂದು ಬಿರುಕಿತ್ತು. ನಾನು ಬೇಡವೆಂದರೆ ಆ ಜಾಗಕ್ಕೆ ಇನ್ನೊಬ್ಬಳು ಬರುತ್ತಾಳೆ, ಬಂದವಳ ಹೆಸರೂ ಸೊಸೆಯೇ.

ಬಂದವಳು ಬನವಾಸಿಯ ಆಚೆಯ ಬಯಲು ಕಡೆಯವಳು. ಅತ್ತೆಯಷ್ಟೇ ಗಿಡ್ಡ. ಇಬ್ಬರೂ ಬಾವಿಕಟ್ಟೆಯ ಹತ್ತಿರ ನಿಂತರೆ ಹಿಂದಿನಿಂದ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಮದುವೆಗೆ ಮೊದಲು ಅಪ್ಪನ ಹೊಲದಲ್ಲಿ ಅಟ್ಟದ ಮೇಲೆ ನಿಂತು ಕವಣೆಯಲ್ಲಿ ಕಲ್ಲು ಬೀಸಿ ಗಿಳಿ ಓಡಿಸುತ್ತಿದ್ದವಳಂತೆ. ಬಂದ ವಾರದಲ್ಲೇ ನೂಲಿನ ಹಗ್ಗದಲ್ಲಿ ಒಂದು ಕವಣೆ ಹೆಣೆದು, ಬಾಳೆಗೊನೆಯ ಪಕ್ಕ ಕೂತ ಮಂಗನ ಕಿವಿಯ ಹತ್ತಿರ ಕಲ್ಲು ಹಾಯಿಸಿ, ಗೊನೆಗೆ ಗೀರು ಬೀಳದ ಹಾಗೆ ಮಂಗನನ್ನು ಎಬ್ಬಿಸಿದಳಂತೆ. ಇದನ್ನು ನನಗೆ ಹೇಳಿದ್ದು ಅತ್ತೆ. ಒಮ್ಮೆಯಲ್ಲ, ನಾನು ಹೋದಾಗಲೆಲ್ಲ. ನಾನು ಧಾರವಾಡದ ಕಪ್ಪು ತಂದು ತೋರಿಸಿದಾಗ ಅವಳು ಹೇಳಿದ್ದು "ಅಡ್ಡಿಲ್ಲ" ಎಂದಷ್ಟೇ. ನಮ್ಮ ಕಡೆ ಅಡ್ಡಿಲ್ಲ ಎಂದರೆ ಚೆನ್ನಾಗಿದೆ ಎಂದೇ ಅರ್ಥ, ಒಪ್ಪುತ್ತೇನೆ. ಆದರೆ ಕವಣೆಗೆ ಸಿಕ್ಕಿದ ಮಾತುಗಳನ್ನೂ ಕಪ್ಪಿಗೆ ಸಿಕ್ಕಿದ ಮಾತನ್ನೂ ತಕ್ಕಡಿಯಲ್ಲಿಟ್ಟರೆ ಯಾವುದು ಕೆಳಗಿಳಿಯುತ್ತದೆಂದು ನೀವೇ ಹೇಳಿ.

ಅವಳಾದರೂ ಬಾಯಿಲ್ಲದವಳಾಗಿದ್ದರೆ ಕನಿಕರ ತೋರಿಸಿ ದೊಡ್ಡವಳಾಗಬಹುದಿತ್ತು. ಅದಕ್ಕೂ ಆಸ್ಪದ ಕೊಡಲಿಲ್ಲ. ಒಂದು ಮಧ್ಯಾಹ್ನ ಮಂಗಗಳ ಸ್ವಭಾವದ ಬಗ್ಗೆ ನಾನು ಸವಿಸ್ತಾರವಾಗಿ ಮಾತಾಡುತ್ತಿದ್ದೆ. ಅವಳು ಶೇಂಗಾ ಸುಲಿಯುತ್ತಾ ಕೂತಿದ್ದವಳು, "ಅಕ್ಕಾರ, ನೀವು ಭಾಳ ಚಲೋ ಮಾತಾಡ್ತೀರಿ ಬಿಡ್ರಿ. ಆದ್ರ ಮಂಗ್ಯಾ ನಿಮ್ಮ ಭಾಷಣ ಮುಗಿಯೋತನಾ ಕುಂದ್ರತೈತೇನ್ರಿ?" ಎಂದಳು. ಅತ್ತೆ ನಕ್ಕು ನಕ್ಕು ಕೆಮ್ಮು ಹತ್ತಿ ಎದ್ದುಹೋಗಿ ನೀರು ಕುಡಿದಳು. ನನ್ನ ಮಾತಿಗೆ ಅವಳು ಹಾಗೆ ಎಂದೂ ಕೆಮ್ಮಿರಲಿಲ್ಲ.

ಆ ಸಲ ಚುನಾವಣೆ ಬಂತು. ಚುನಾವಣೆ ಬಂದರೆ ಲೈಸೆನ್ಸಿನ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು, ಫಲಿತಾಂಶ ಬಂದ ಮೇಲೆ ವಾಪಸು. ಅತ್ತೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದವಳು ನಾನು. ಹಳೆಯ ಸೀರೆಯಲ್ಲಿ ಸುತ್ತಿದ ಕೋವಿಯನ್ನು ಅವಳು ಕೂಸಿನ ಹಾಗೆ ತಬ್ಬಿಕೊಂಡಿದ್ದಳು. ದಾರಿಯುದ್ದಕ್ಕೂ ನಳಿಗೆ ನನ್ನ ಹೆಲ್ಮೆಟ್ಟಿಗೆ ಟಕ್ ಟಕ್ ಎಂದು ತಾಗುತ್ತಿತ್ತು. ಠಾಣೆಯ ಎದುರು ಸಾಲು. ಗೋಣಿ ಸುತ್ತಿದ ಕೋವಿ, ಕಂಬಳಿ ಸುತ್ತಿದ ಕೋವಿ, ಪಂಚೆ ಸುತ್ತಿದ ಕೋವಿ. ಮದುವೆಮನೆಯಲ್ಲಿ ಮಕ್ಕಳ ಎತ್ತರ ಹೋಲಿಸುವ ಹಾಗೆ ಜನ ಒಬ್ಬರ ನಳಿಗೆಯನ್ನು ಇನ್ನೊಬ್ಬರದರ ಜೊತೆ ಹೋಲಿಸುತ್ತಿದ್ದರು.

ಹಿಂದೆ ನಿಂತ ಅಜ್ಜನೊಬ್ಬ, "ಎಂತ ಅಮ್ಮಾ, ನೀವು ಕೋವಿ ಹೊತ್ಕಂಡು ಬಂದ್ರಾ, ಕೋವಿ ನಿಮ್ಮನ್ನ ಹೊತ್ಕಂಡು ಬಂತಾ?" ಎಂದ.

"ನಮ್ಮಿಬ್ರನ್ನೂ ಸ್ಕೂಟರು ಹೊತ್ಕಂಡು ಬಂತು."

"ಅಷ್ಟು ಉದ್ದ ನಿಮಗೆ ಯಾಕೆ? ಒಂದು ಗೇಣು ಕೊಯ್ಸಿಬಿಡಿ."

ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಠಾಣೆ ಬಾಗ್ಲಲ್ಲಿ ನಿಂತ್ಕಂಡು ಎಂತ ಮಾತು ಆಡ್ತಿ ಮಾರಾಯ? ನಳಿಗೆ ಕೊಯ್ದ್ರೆ ಕೋವಿ ಜೊತೆ ನನ್ನನ್ನೂ ಒಳಗೆ ಇಟ್ಕಂತರು. ಗಿಡ್ಡ ಬೇಕು ಅಂದ್ರೆ ಅಂಗಡಿಲಿ ಕಾಯಿದೆ ಪ್ರಕಾರ ಗಿಡ್ಡದ್ದೇ ತಗಳ್ಳೂದು."

"ಗಿಡ್ಡದ್ರಲ್ಲಿ ಎಂತದು ಬಂತು? ಕೋವಿ ಅಂದ್ರೆ ಉದ್ದ ಇರ್ಬೇಕು."

"ಉದ್ದ ನಳಿಗೆಗೆ ಸೊಕ್ಕು ಜಾಸ್ತಿ, ಗಿಡ್ಡ ನಳಿಗೆಗೆ ಸದ್ದು ಜಾಸ್ತಿ. ಮಂಗ ಓಡೂದು ಸದ್ದಿಗೆ." ಸಾಲಿನವರೆಲ್ಲ ನಕ್ಕರು. ನಾನೂ ನಕ್ಕೆ. ಆ ಮಾತಿನಲ್ಲಿ ಉದ್ದ ಯಾರು ಗಿಡ್ಡ ಯಾರು ಎಂದು ಆಗ ಯೋಚಿಸಲಿಲ್ಲ. ಅತ್ತೆ ಮುಂದುವರಿಸಿ ಹೇಳಿದಳು: "ನಂಗೂ ವಯಸ್ಸಾತು. ಈ ಸಲ ವಾಪಸು ಬಂದ್ಮೇಲೆ ಇದನ್ನ ಕೊಟ್ಟು ಹೊಸದು ತಗಳ್ಳೂದು. ಲೈಸೆನ್ಸು ಸೊಸೆ ಹೆಸರಿಗೆ."

ಪಕ್ಕದಲ್ಲಿ ನಿಂತಿದ್ದವಳು ನಾನು. ಹೇಳುವಾಗ ಅವಳ ಕೈ ನನ್ನ ಮೊಣಕೈ ಹಿಡಿದಿತ್ತು. ಅಜ್ಜ ನನ್ನನ್ನು ನೋಡಿ, "ಇವಳಾದ್ರೆ ಅಡ್ಡಿಲ್ಲ, ಎತ್ತರ ಉಂಟು," ಎಂದ. ಅತ್ತೆ ಇಲ್ಲ ಎನ್ನಲಿಲ್ಲ. ಹೌದು ಎಂದಳೇ? ಅದನ್ನೂ ಅನ್ನಲಿಲ್ಲ. ಅಷ್ಟರಲ್ಲಿ ಸಾಲು ಮುಂದೆ ಹೋಯಿತು.

ಚರ್ಚಾಸ್ಪರ್ಧೆಯ ಮೊದಲ ಪಾಠ ಏನು ಗೊತ್ತೆ? ವಿಷಯದಲ್ಲಿರುವ ಪದಗಳಿಗೆ ಅರ್ಥ ನಿಗದಿ ಮಾಡಿಕೊಳ್ಳದೆ ವೇದಿಕೆ ಹತ್ತಬಾರದು. ನಾನು ಹತ್ತಿದೆ.

ಆ ಬೇಸಿಗೆಯಿಡೀ ತಯಾರಿ ಮಾಡಿದೆ. ಕೋವಿ ಯಾರಿಗೆ ಎಂಬುದು ನನ್ನ ಪಾಲಿಗೆ ತೀರ್ಮಾನವಾಗಿತ್ತು, ಉಳಿದದ್ದು ನಳಿಗೆ ಎಷ್ಟು ಉದ್ದ ಎಂಬ ಪ್ರಶ್ನೆ ಮಾತ್ರ. ಅತ್ತೆಯ ಒಲವು ಗಿಡ್ಡದ ಕಡೆ. ನನ್ನ ಕೈ ಉದ್ದ, ಭುಜ ಅಗಲ, ನನಗೆ ಉದ್ದನೆಯದೇ ಸರಿ. ಅವಳನ್ನು ಒಪ್ಪಿಸಬೇಕಿತ್ತು. ನಿಮಗೆ ಕೋವಿ ಯಾಕೆ ಎಂದು ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಅಷ್ಟರಲ್ಲಿ ಯಲ್ಲಾಪುರದ ಕಾಲೇಜೊಂದರಲ್ಲಿ ಪಾಠ ಮಾಡಲು ಸೇರಿದ್ದೆ, ಬಾಡಿಗೆ ಕೋಣೆಯಲ್ಲಿ ಮಂಗನ ಕಾಟ ಇರಲಿಲ್ಲ. ಅತ್ತೆಯ ನಂತರ ಅತ್ತೆಯ ಜಾಗದಲ್ಲಿ ನಿಲ್ಲುವವಳು ನಾನು ಎಂಬ ಮಾತು ಅತ್ತೆಯ ಬಾಯಿಂದಲೇ ಬರಬೇಕಿತ್ತು. ಅದಕ್ಕೆ ಕೋವಿ.

ಕಾಗದಪತ್ರ ಆಮೇಲೆ, ಮೊದಲು ಕೋವಿ ನೋಡಿಬರುವಾ ಎಂದು ಹುಬ್ಬಳ್ಳಿಗೆ ಹೊರಟೆವು. ಬಾವ ವ್ಯಾನು ಹೊಡೆದ. ಅವನ ಹೆಂಡತಿಯೂ ಬಂದಳು. ಪೇಟೆ ನೋಡಲಿಕ್ಕೆ ಬರುತ್ತಿದ್ದಾಳೆ ಎಂದು ನಾನು ಅಂದುಕೊಂಡೆ.

ಅಂಗಡಿಯವರು ಎರಡು ಕೋವಿ ತೆಗೆದು ಮೇಜಿನ ಮೇಲಿಟ್ಟರು. ಒಂದರ ನಳಿಗೆ ಮೂವತ್ತು ಇಂಚು, ಇನ್ನೊಂದರದು ಇಪ್ಪತ್ತಾರು. ಉಳಿದದ್ದೆಲ್ಲ ಒಂದೇ. ಅತ್ತೆ ಎರಡರ ಮೇಲೂ ಗೇಣು ಹಾಕಿ ನೋಡಿ, ಸ್ಟೂಲಿನ ಮೇಲೆ ಕೂತು, "ಹಾಂ, ಉದ್ದಕ್ಕೆ ಯಾರು ಮಾತಾಡ್ತ್ರಿ?" ಎಂದಳು.

ನಾನು ಎದ್ದುನಿಂತೆ. ಎಂದರೆ ನಿಂತೇ ಇದ್ದೆ, ಇನ್ನೂ ನೆಟ್ಟಗಾದೆ. ಉದ್ದ ನಳಿಗೆಯಿದ್ದರೆ ಗುರಿಗೆ ಕಣ್ಣು ಚೆನ್ನಾಗಿ ಕೂರುತ್ತದೆ. ಭಾರ ಮುಂದೆ ಇರುವುದರಿಂದ ಕೈ ನಡುಗಿದರೂ ಕೋವಿ ಅಲುಗುವುದು ಕಡಿಮೆ. ಸದ್ದು ಹುಟ್ಟುವ ಬಾಯಿ ಕಿವಿಯಿಂದ ದೂರ ಹೋಗುತ್ತದೆ. ಅತ್ತೆ, ನಿನ್ನ ಎಡಕಿವಿ ಮಂದವಾದದ್ದು ಯಾಕೆ, ಮುಂದೆ ಹೊಡೆಯುವವರ ಕಿವಿಯೂ ಹಾಳಾಗಬೇಕೆ? ಈ ಕೊನೆಯ ಮಾತು ಹೇಳುವಾಗ ದನಿ ಸ್ವಲ್ಪ ತಗ್ಗಿಸಿದೆ. ತೀರ್ಪುಗಾರರ ಮೇ​ಲೆ ಅದು ಕೆಲಸ ಮಾಡುತ್ತದೆ.

"ಗಿಡ್ಡಕ್ಕೆ?" ಎಂದಳು ಅತ್ತೆ.

ಬಾವನ ಹೆಂಡತಿ ಶೋಕೇಸಿಗೆ ಒರಗಿದ್ದವಳು ಹೇಳಿದಳು: "ಅತ್ತೀ, ಬಾಳಿ ಗಿಡದಾಗ ಉದ್ದಂದು ಎಲಿಗೆ ತಾಗತೈತ್ರಿ. ಎಲಿ ಅಳ್ಳಾಡಿದ್ದು ನೋಡಿ ಮಂಗ್ಯಾ ಹೊಡಿಯೂಕಿಂತ ಮೊದ್ಲ ಓಡಿಹೊಕ್ಕಾವು."

ಇಂಥ ಅವಕಾಶ ಜೀವನದಲ್ಲಿ ಎಷ್ಟು ಸಲ ಸಿಗುತ್ತದೆ? "ಮಂಗ ಓಡಿಹೋಗಬೇಕು ಎಂಬುದಕ್ಕೇ ಅಲ್ಲವೆ ಕೋವಿ?" ಎಂದೆ. "ಮಂಗ ಓಡಿಸುವ ಕೋವಿಯ ಮೇಲೆ, ಅದನ್ನು ಕಂಡು ಮಂಗ ಓಡಿತು ಎಂಬ ಆರೋಪ! ನನ್ನ ಎದುರಾಳಿ ನನ್ನ ಪಕ್ಷದ ಪರವಾಗಿ ಮಾತಾಡಿದ್ದಕ್ಕೆ ವಂದನೆಗಳು."

ಅಂಗಡಿಯವರು ಮೇಜು ಕುಟ್ಟಿ ನಕ್ಕರು. ಬಾವ ಕೂಡ ನಕ್ಕ, ಹೆಂಡತಿಯ ಮುಖ ನೋಡಿ ನಿಲ್ಲಿಸಿದ. ಅವಳ ಮುಖ ಕೆಂಪಾಗಿತ್ತು. ನನಗಾದ ಖುಷಿಯನ್ನು ಇಲ್ಲಿ ಬರೆದರೆ ನಿಮಗೆ ನನ್ನ ಮೇಲಿನ ಗೌರವ ಹೋದೀತು.

"ತೋಟಾ ಮುಗೀತಾ?" ಅತ್ತೆ ಕೇಳಿದಳು.

"ಮುಗೀತು."

"ಅಡ್ಡಿಲ್ಲ. ಗೆದ್ದೆ." ಸ್ಟೂಲಿನಿಂದ ಎದ್ದು ಬಂದು ಅಂಗಡಿಯವರಿಗೆ, "ಆ ಗಿಡ್ಡದ್ದು ಕೊಡಿ," ಎಂದಳು.

"ಅತ್ತೆ, ನಾನು ಗೆದ್ದೆ ಅಂದ್ಯಲ್ಲ!"

"ಗೆದ್ದೆ ಅಂದೆ. ಇಲ್ಲೆ ಅಂದ್ನ? ಕೋವಿ ವಾದದ ಅಳತೆಗೆ ತಗಳ್ಳೂದಲ್ಲ ಮಾರಾಯ್ತಿ, ಸೊಸೆ ಕೈಯಳತೆಗೆ." ಗಿಡ್ಡ ಕೋವಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಬಾ ಸೊಸೆ, ಎತ್ತಿ ನೋಡು," ಎಂದಳು.

ನಾನು ಮುಂದೆ ಹೋಗಿ ಕೈ ಚಾಚಿದೆ.

ಕೋವಿ ನನ್ನ ಕೈಗಳ ಪಕ್ಕದಿಂದ ದಾಟಿ ಹಿಂದಕ್ಕೆ ಹೋಯಿತು. ಶೋಕೇಸಿಗೆ ಒರಗಿದ್ದವಳು ಅದನ್ನು ತೆಗೆದುಕೊಂಡು ಭುಜಕ್ಕೆ ಊರಿದಳು. ಅವಳ ಎಡಗೈ ನಳಿಗೆಯ ಕೆಳಗೆ ಎಲ್ಲಿ ಇರಬೇಕೋ ಅಲ್ಲಿಯೇ ಬಂದು ಕೂತಿತು. ಅಂಗಡಿಯವರು, "ಅಳತೆ ತೊಗೊಂಡು ಮಾಡಿಸಿದಂಗ ಐತಿ ನೋಡ್ರಿ," ಎಂದರು. ನನ್ನ ಎರಡು ಕೈಗಳು ಇನ್ನೂ ಗಾಳಿಯಲ್ಲಿದ್ದವು. ಅವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಮೇಜಿನ ಮೇಲಿದ್ದ ಉದ್ದ ಕೋವಿಯನ್ನು ಸವರಿದೆ.

ವ್ಯಾನು ಯಲ್ಲಾಪುರ ದಾಟಿ ಶಿರಸಿ ದಾರಿಗೆ ಬರುವ ತನಕ ನಾನು ಮಾತಾಡಲಿಲ್ಲ. ನನ್ನ ಪಾಲಿಗೆ ಅದೊಂದು ದಾಖಲೆ. ಆಮೇಲೆ ತಡೆಯಲಾಗಲಿಲ್ಲ.

"ಠಾಣೆ ಬಾಗ್ಲಲ್ಲಿ ಲೈಸೆನ್ಸು ಸೊಸೆ ಹೆಸರಿಗೆ ಅಂದೆ. ಯಾವ ಸೊಸೆ ಅಂತ ಹೇಳ್ಲಿಲ್ಲ."

"ನೀ ಕೇಳ್ಲಿಲ್ಲ."

"ನನ್ನ ಕೈ ಹಿಡ್ಕಂಡು ಹೇಳ್ದೆ!"

"ಬಿಸ್ಲಿಗೆ ತಲೆ ತಿರುಗ್ತಿತ್ತು. ಹಿಡ್ಕಂಡೆ." ಸ್ವಲ್ಪ ದೂರ ಹೋದ ಮೇಲೆ ಹಿಂದಿನ ಸೀಟಿನ ಕಡೆ ಹೊರಳಿ, "ನಿಂಗೆ ಕೋವಿ ಎಂತಕ್ಕೆ ಹುಡ್ಗಿ? ನಿನ್ನ ಬಾಯಿಯದೇ ಮೂವತ್ತೆರಡು ಇಂಚಿನ ನಳಿಗೆ ಉಂಟಲ್ಲ," ಎಂದಳು.

ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಯಾರೆಂದು ಹೇಳಬೇಕಾಗಿಲ್ಲ. ಅದು ಉತ್ತರವಲ್ಲ, ನುಣುಚಿಕೊಳ್ಳುವ ಉಪಾಯ. ಸ್ಪರ್ಧೆಯಲ್ಲಾದರೆ ಅಂಕ ಕಳೆಯುತ್ತಿದ್ದರು. ಊರಿಗೆ ಬಂದು ನಿಯಮಗಳನ್ನು ತೆಗೆದು ಓದಿದೆ. ಲೈಸೆನ್ಸು ಬಿಟ್ಟುಕೊಡುವುದಾದರೆ ವಾರಸುದಾರರಿಗೆ. ಆ ಸಾಲಿನಲ್ಲಿ ಸೊಸೆ ಎಂದರೆ ಮಗನ ಹೆಂಡತಿ. ತಮ್ಮನ ಮಗಳಿಗೆ ಅಲ್ಲಿ ಜಾಗವೇ ಇಲ್ಲ. ಅತ್ತೆ ನನ್ನನ್ನು ಆರಿಸಬೇಕೆಂದಿದ್ದರೂ ಆಗುತ್ತಿರಲಿಲ್ಲ. ಇದರಿಂದ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವಳು ಕಾಯಿದೆ ಓದಿದವಳಲ್ಲ. ಕಾಯಿದೆ ಅಡ್ಡ ಬರುವುದಕ್ಕಿಂತ ಮೊದಲೇ ಅವಳು ಆರಿಸಿ ಆಗಿತ್ತು.

ದೀಪಾವಳಿ ಕಳೆದ ಮೇಲೆ ತ್ಯಾಗಲಿಗೆ ಹೋದೆ. ಅಷ್ಟರಲ್ಲಿ ಲೈಸೆನ್ಸು ಬಂದಿತ್ತು, ಕೋವಿಯೂ ಮನೆಗೆ ಬಂದಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ದಿಬ್ಬ ಹತ್ತಿ ಬಾಳೆಯ ಸಾಲಿನ ಹತ್ತಿರ ಬಂದಾಗ ಇಬ್ಬರ ಬೆನ್ನು ಕಂಡಿತು. ಬಾವನ ಹೆಂಡತಿ ಕೋವಿ ಹಿಡಿದು ನಿಂತಿದ್ದಳು. ಚೂಡಿದಾರ ಹಾಕಿದ್ದಳು, ವೇಲು ಇರಲಿಲ್ಲ. ಅತ್ತೆ ತನ್ನ ಸೆರಗನ್ನು ಮುಂದಕ್ಕೆ ಎಳೆದು, ನಾಲ್ಕು ಮಡಿಕೆ ಮಾಡಿ, ಅವಳ ಭುಜದ ಮೇಲಿಟ್ಟಳು. ಸೆರಗಿನ ಒಂದು ತುದಿ ಅತ್ತೆಯ ಮೈಮೇಲೆ, ಇನ್ನೊಂದು ಅವಳ ಭುಜದ ಮೇಲೆ. ಸೆರಗು ಎಳೆದು ಬಿಗಿಯಾಗಬಾರದೆಂದು ಇಬ್ಬರೂ ಒಬ್ಬರಿಗೊಬ್ಬರು ಅಂಟಿಕೊಂಡೇ ನಿಂತಿದ್ದರು. "ಉಸಿರು ಬಿಡು. ಹಾಂ. ಈಗ," ಎಂದಳು ಅತ್ತೆ. ಈಡು ಹಾರಿತು. ಒದೆತಕ್ಕೆ ಇಬ್ಬರೂ ಒಟ್ಟಿಗೆ ಅರ್ಧ ಹೆಜ್ಜೆ ಹಿಂದೆ ಬಂದರು, ಒಟ್ಟಿಗೇ ನಕ್ಕರು.

ನಾನು ಬಾಳೆಯ ಹಿಂದೆ ನಿಂತು ಲೆಕ್ಕ ಹಾಕಿದೆ. ಅತ್ತೆಯ ಸೆರಗು ನನ್ನ ಭುಜಕ್ಕೆ ಏರಬೇಕಾದರೆ ನಾನು ಮೊಣಕಾಲೂರಬೇಕಾಗಿತ್ತು. ಊರುತ್ತಿದ್ದೆ. ಯಾರೂ ಹೇಳಲಿಲ್ಲ.

ಅತ್ತೆ ಹೋದದ್ದು ಮುಂದಿನ ಚುನಾವಣೆಯ ಸಮಯದಲ್ಲಿ. ಮಧ್ಯಾಹ್ನ ಉಂಡು ಜಗಲಿಯಲ್ಲಿ ಒರಗಿದವಳು ಏಳಲಿಲ್ಲ. ಅದರ ಹಿಂದಿನ ವಾರ ಫೋನಿನಲ್ಲಿ ನನ್ನ ಜೊತೆ ಜಗಳವಾಡಿದ್ದಳು. ವಿಷಯ ಹಲಸಿನ ಹಣ್ಣು. ನನ್ನ ತೋಟಾ ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು.

ಕಾಗೆಗೆ ಅನ್ನ ಇಡುವ ದಿನ. ಅಂಗಳದ ತುದಿಯಲ್ಲಿ ಬಾಳೆಯೆಲೆಯ ಮೇಲೆ ಅವಳಿಗೆ ಇಷ್ಟವಾದದ್ದೆಲ್ಲ ಬಡಿಸಿ ನಾವು ಹಿಂದೆ ಸರಿದು ನಿಂತೆವು. ಸತ್ತವರು ಕಾಗೆಯಾಗಿ ಬಂದು ಮುಟ್ಟುತ್ತಾರೆಂಬುದರಲ್ಲಿ ನನಗೆ ನಂಬಿಕೆಯಿಲ್ಲ. ಆದರೂ ಎಲ್ಲರ ಜೊತೆ ಮರ ನೋಡುತ್ತಾ ನಿಂತೆ. ಕಾಗೆ ಬರಲಿಲ್ಲ. ಮಂಗ ಬಂದವು. ಮೊದಲು ಒಂದು, ಆಮೇಲೆ ಕೊಟ್ಟಿಗೆಯ ಹಂಚಿನ ಮೇಲೆ ಇಡೀ ಸಂಸಾರ. ಚುನಾವಣೆಯಾದ್ದರಿಂದ ಕೋವಿ ಠಾಣೆಯಲ್ಲಿತ್ತು. ಬಾವ ತಲೆ ಬೋಳಿಸಿಕೊಂಡು ಒದ್ದೆ ಪಂಚೆಯಲ್ಲಿ ನಿಂತು "ಹೋ, ಹೋ" ಎಂದ. ಒಂದು ಗಡವ ಕೆಳಗಿಳಿದು ಎಲೆಯ ಕಡೆ ನಡೆಯಿತು.

ನಾನು ಮುಂದೆ ಹೋಗಿ ಕೂಗಿದೆ. ಸಭಾಂಗಣದ ಕೊನೆಯ ಸಾಲಿಗೂ ಮೈಕಿಲ್ಲದೆ ಮುಟ್ಟುವ ದನಿ ನನ್ನದು. ಗಡವ ನಿಂತಿತು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿತು. ಹಲ್ಲು ಕಿರಿದು ಮತ್ತೆ ಎಲೆಯ ಕಡೆ ತಿರುಗಿತು.

ಆಗ ಬಾವನ ಹೆಂಡತಿ ಒಳಗಿನಿಂದ ಬಂದಳು. ಬಾಗಿಲ ಮೂಲೆಯಲ್ಲಿದ್ದ, ಬಟ್ಟೆ ಒಣಹಾಕುವ ಬಿದಿರು ಕೋಲನ್ನು ಎತ್ತಿಕೊಂಡಳು. ಅಂಗಳದ ನಡುವೆ ನಿಂತಳು. ಸೆರಗನ್ನು ಬಲಗಡೆಯಿಂದ ಮುಂದಕ್ಕೆ ಎಳೆದು, ತುದಿಯನ್ನು ನಾಲ್ಕು ಮಡಿಕೆ ಮಾಡಿ, ಭುಜದ ಮೇಲಿಟ್ಟಳು. ಒದೆಯಲು ಬಾರದ ಬಿದಿರು ಕೋಲಿಗೆ ಸೆರಗಿನ ಮಡಿಕೆ! ಅದರ ಮೇಲೆ ಕೋಲನ್ನು ಊರಿ ಕಣ್ಣು ಕಿರಿದು ಮಾಡಿದಳು. ಮಡಿಕೆ ಬೀಳುವಾಗಲೇ ಹಂಚಿನ ಮೇಲಿದ್ದವು ಹಾರಿದ್ದವು. ಕೋಲು ಭುಜಕ್ಕೆ ಬರುವಷ್ಟರಲ್ಲಿ ಗಡವ ಬೇಲಿ ದಾಟಿತ್ತು.

ಮಂಗ ಹೆಂಗಸರಿಗೆ ಹೆದರುವುದಿಲ್ಲ ಎಂಬ ಮಾತು ಅಂಗಳದಲ್ಲಿ ಎಲ್ಲರ ಎದುರು ಸತ್ತುಬಿತ್ತು. ಬೀಳಿಸಿದ್ದು ನಾನಲ್ಲ.

ಸ್ವಲ್ಪ ಹೊತ್ತಿಗೆ ಒಂದು ಕಾಗೆ ಬಂದು ಎಲೆ ಮುಟ್ಟಿತು. ಎಲ್ಲರೂ ಕಣ್ಣೊರೆಸಿಕೊಂಡರು. ಅವಳು ಕೋಲನ್ನು ಮೂಲೆಗೆ ಒರಗಿಸಿ, ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು, "ಅತ್ತೀ" ಎಂದು ಅತ್ತಳು. ಆ ಶಬ್ದಕ್ಕೆ ನನಗೂ ಹಕ್ಕಿತ್ತು. ಹತ್ತಿರ ಹೋಗಿ ಕೂತೆ.

"ಅಕ್ಕಾರ," ಎಂದಳು ಮೂಗು ಒರೆಸಿಕೊಳ್ಳುತ್ತಾ, "ನೀವು ಬಂದು ಹೋದ ದಿನ ಅತ್ತಿ ಬರೀ ನಿಮ್ಮ ಮಾತೇ ತೆಗೀತಿದ್ರು. 'ಸೊಸೆ ಹಂಗಂದ್ಲು, ಸೊಸೆ ಹಿಂಗಂದ್ಲು.' ಕೇಳಿ ಕೇಳಿ ನನ್ನ ಹೊಟ್ಟಿ ಉರೀತಿತ್ತ್ರಿ."

ಇದನ್ನು ಅವಳು ಸಮಾಧಾನಕ್ಕೆ ಹೇಳಿದಳೋ ನಿಜವಾಗಿ ಹೇಳಿದಳೋ, ಪುರಾವೆ ಕೇಳಲು ಸಾಕ್ಷಿ ಉಳಿದಿರಲಿಲ್ಲ. ಕೇಳಬೇಕೆಂದು ಬಾಯಿಯ ತನಕ ಬಂತು. ತೋಟಾ ಮುಗಿಯಲಿ ಎಂದು ಸುಮ್ಮನಾದೆ. ಅತ್ತೆಯಿಂದ ನನಗೆ ಬಂದದ್ದು ಅದೊಂದೇ, ಆ ಕಾಯುವುದು. ಯಲ್ಲಾಪುರದ ನನ್ನ ವಿದ್ಯಾರ್ಥಿಗಳಿಗೂ ಅದನ್ನೇ ಕಲಿಸುತ್ತೇನೆ. ಅವರು ಗೆದ್ದು ಬರುತ್ತಾರೆ.

ಕಣ್ಣೊರೆಸಿಕೊಳ್ಳಲು ಅವಳು ಸೆರಗು ಎಳೆದಾಗ ರವಿಕೆಯ ಕುತ್ತಿಗೆ ಸ್ವಲ್ಪ ಜಾರಿತು. ಬಲಭುಜದಲ್ಲಿ, ಕೊರಳೆಲುಬಿಗೆ ಸ್ವಲ್ಪ ಕೆಳಗೆ, ನೇರಳೆಹಣ್ಣನ್ನು ಜಜ್ಜಿ ಒರೆಸಿದಂತಿತ್ತು. ಅಂಚಿನಲ್ಲಿ ಹಳದಿ. ನನ್ನ ಬೆರಳು ಅದನ್ನು ಒತ್ತಿ ನೋಡಲು ಹೋಗಿ ಹಿಂದೆ ಬಂತು.

ಅತ್ತೆಯ ಮಾತು ನನಗೆ ಬಂತು. ಆ ಕಲೆ ಬರಲಿಲ್ಲ.